ಬೋಂಡಾ ಎಣ್ಣೆ ತಿನ್ನದ ಯೀಸ್ಟು

ಕೋಗಿಲು ಅಂದ ತಕ್ಷಣ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: "ಅಲ್ಲಿ ಕೋಗಿಲೆ ಇದೆಯಾ?" ಇರಬಹುದು, ನಮಗಂತೂ ಕೇಳಿಸಿಲ್ಲ. ಯಲಹಂಕ ವಾಯುನೆಲೆ ಹತ್ತಿರವೇ ಇರೋದ್ರಿಂದ ಬೆಳಿಗ್ಗೆ ನಮ್ಮನ್ನ ಎಬ್ಬಿಸೋದು ವಿಮಾನ. ಸಂಜೆ ಎಬ್ಬಿಸೋದು (ಹೌದು, ಲ್ಯಾಬ್ ಮುಗಿಸಿ ಬಂದು ಸಂಜೆಯೂ ಮಲಗ್ತೀವಿ) ಕೆಳಗಿನ ಮನೆ ಆಂಟಿ ಕಾಯಿಸೋ ಎಣ್ಣೆಯ ವಾಸನೆ.

ನಾವು ಅಂದ್ರೆ ಮೂವರು. ಬಯೋಟೆಕ್ನಾಲಜಿ, ಎರಡನೇ ವರ್ಷ, ಒಂದೇ ರೂಮು, ಒಂದೇ ಇಂಡಕ್ಷನ್ ಸ್ಟವ್. ಮೂವರೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡ ಇದ್ದಿದ್ದು ಮನೆಯಲ್ಲಿ ಮಾತಾಡೋದಕ್ಕೆ, ಸ್ಕೂಲಲ್ಲಿ ಸೆಕೆಂಡ್ ಲ್ಯಾಂಗ್ವೇಜ್ ಪಾಸಾಗೋದಕ್ಕೆ. ಇದನ್ನ ಟೈಪ್ ಮಾಡ್ತಿರೋದು ಒಬ್ಬನೇ ಆದ್ರೂ ತಪ್ಪು ಮಾಡಿದ್ದು ಮೂವರೂ ಸೇರಿ. ಅದಕ್ಕೇ ಇಲ್ಲಿ ಎಲ್ಲಾ ಕಡೆ 'ನಾವು'.

ಆಂಟಿ ದಿನಾ ಸಂಜೆ ಮೇನ್ ರೋಡಿನ ಪಕ್ಕ ಗಾಡಿ ಹಾಕ್ತಾರೆ. ಆಲೂ ಬೋಂಡಾ, ಮೆಣಸಿನಕಾಯಿ ಬಜ್ಜಿ, ಮಸಾಲೆ ವಡೆ. ರಾತ್ರಿ ಒಂಬತ್ತೂವರೆಗೆ ಗಾಡಿ ವಾಪಸ್ ಬಂದಾಗ ಬಾಣಲೆಯಲ್ಲಿ ಉಳಿದ ಎಣ್ಣೆಯನ್ನ ಸೋಸಿ ಒಂದು ಐದು ಲೀಟರ್ ಕ್ಯಾನಿಗೆ ಸುರೀತಾರೆ. ಬಣ್ಣ ಕಪ್ಪಾಗಿ, ಕಾಯಿಸುವಾಗ ನೊರೆ ಬರೋಕೆ ಶುರುವಾದ್ರೆ ಅದನ್ನ ಮತ್ತೆ ಮುಟ್ಟಲ್ಲ. ಅವರಿಗೆ ಯಾರೂ ಹೇಳಿಕೊಟ್ಟಿದ್ದಲ್ಲ ಇದು. ಆಮೇಲೆ ನಾವು ಓದಿದ್ವಿ: ಎಣ್ಣೆ ಪದೇ ಪದೇ ಕಾದಾಗ ಹುಟ್ಟೋ ಪೋಲಾರ್ ಸಂಯುಕ್ತಗಳು ಶೇ. 25 ದಾಟಿದ್ರೆ ಆ ಎಣ್ಣೆ ಅಡುಗೆಗೆ ಬಳಸಬಾರದು ಅಂತ ಎಫ್‌ಎಸ್‌ಎಸ್‌ಎಐ ನಿಯಮವಿದೆ, 2018ರ ಜುಲೈ 1ರಿಂದ. ಅದೇ ವರ್ಷ ಆಗಸ್ಟಿನಲ್ಲಿ ಬಳಸಿದ ಎಣ್ಣೆಯನ್ನ ಸಂಗ್ರಹಿಸಿ ಬಯೋಡೀಸೆಲ್ ಮಾಡೋ 'ರುಕೋ' ಅನ್ನೋ ಕಾರ್ಯಕ್ರಮವೂ ಶುರುವಾಯ್ತು. ಆದ್ರೆ ವಾರಕ್ಕೆ ಮೂರ್ನಾಲ್ಕು ಲೀಟರ್ ಉಳಿಯೋ ಒಂದು ಗಾಡಿ ಹತ್ರ ಯಾರು ಬರ್ತಾರೆ?

ಕಳೆದ ಸೆಮಿಸ್ಟರಲ್ಲಿ ಒಂದಿನ ಮೆಟ್ಟಿಲ ಹತ್ತಿರ ಆಂಟಿ ನಮ್ಮನ್ನ ಹಿಡಿದು ನಿಲ್ಲಿಸಿದ್ರು. "ಏನ್ರಪ್ಪಾ, ಅದೇನೋ ಬಯೋ ಅಂತ ಓದ್ತೀರಲ್ಲ, ಈ ಎಣ್ಣೆಗೊಂದು ದಾರಿ ಹೇಳ್ರೋ. ಮೋರಿಗೆ ಸುರಿಯೋಕೆ ಮನಸ್ಸು ಬರಲ್ಲ, ಇಟ್ಕೊಳ್ಳೋಕೆ ಜಾಗ ಇಲ್ಲ."

ಅದೇ ವಾರ ಮಿನಿ ಪ್ರಾಜೆಕ್ಟ್ ಟಾಪಿಕ್ ಕೊಡಬೇಕಿತ್ತು. ಮೂವರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ. ಯೀಸ್ಟ್ ಕೊಬ್ಬಿನಾಮ್ಲಗಳನ್ನೂ ಆಹಾರವಾಗಿ ಬಳಸುತ್ತೆ ಅಂತ ಒಂದು ಸ್ಲೈಡಲ್ಲಿ ಓದಿದ್ದು ನೆನಪಿತ್ತು. ಎಣ್ಣೆ ಅಂದ್ರೆ ಕೊಬ್ಬಿನಾಮ್ಲ, ಯೀಸ್ಟ್ ಅಂದ್ರೆ ಅಂಗಡಿಯಲ್ಲಿ ಸಿಗೋ ಪ್ಯಾಕೆಟ್. ಇನ್ನೇನು ಬೇಕು? "ಆಂಟಿ, ಈ ಎಣ್ಣೆನ ನಾವು ಯೀಸ್ಟಿಗೆ ತಿನ್ನಿಸ್ತೀವಿ" ಅಂದುಬಿಟ್ವಿ. ಆಂಟಿಗೆ ಎಷ್ಟು ಅರ್ಥವಾಯ್ತೋ ಗೊತ್ತಿಲ್ಲ. ಅವತ್ತಿಂದ ಒಂದು ಕ್ಯಾನ್ ಮೇಲೆ 'ಹುಡುಗರದ್ದು' ಅಂತ ಮಾರ್ಕರಲ್ಲಿ ಬರೆದು ತೆಗೆದಿಡೋಕೆ ಶುರು ಮಾಡಿದ್ರು.

ಮೊದಲ ಪ್ರಯೋಗ ಹೀಗಿತ್ತು. ಮೂರು ಕೋನಿಕಲ್ ಫ್ಲಾಸ್ಕ್. ಒಂದನೆಯದರಲ್ಲಿ ಯೀಸ್ಟ್ ಬೆಳೆಸೋ ಮಾಮೂಲಿ ಗ್ಲೂಕೋಸ್ ದ್ರಾವಣದ ಜೊತೆ ಬೋಂಡಾ ಎಣ್ಣೆ. ಎರಡನೆಯದರಲ್ಲಿ ಗ್ಲೂಕೋಸ್ ಮಾತ್ರ. ಮೂರನೆಯದರಲ್ಲಿ ಗ್ಲೂಕೋಸ್ ಇಲ್ಲ, ಬರೀ ಎಣ್ಣೆ ಮತ್ತು ಲವಣಗಳು. ಶೇಕರ್ ಬೇರೆಯವರು ಬುಕ್ ಮಾಡಿದ್ರು, ಹಾಗಾಗಿ ಬಾಯಿ ಬಿಗಿಯಾಗಿ ಮುಚ್ಚಿ ಹಾಗೇ ಇಟ್ವಿ. ಎರಡು ದಿನ ಆದ್ಮೇಲೆ ಒಂದು ಮತ್ತು ಎರಡು ಮಜ್ಜಿಗೆ ಥರ ಬೆಳ್ಳಗಾಗಿದ್ವು. ಮೂರನೆಯದು ನಾವು ಇಟ್ಟಾಗ ಹೇಗಿತ್ತೋ ಹಾಗೇ ಇತ್ತು. ಮೇಲೆ ಎಣ್ಣೆ, ಕೆಳಗೆ ತಿಳಿನೀರು, ತಳದಲ್ಲಿ ಕೂತ ಯೀಸ್ಟು.

ಒಂದನೇ ಫ್ಲಾಸ್ಕಿನ ಮೇಲಿದ್ದ ಎಣ್ಣೆಯ ಪದರ ಮಾತ್ರ ಮೊದಲಿಗಿಂತ ತೆಳುವಾಗಿ ಕಾಣ್ತಿತ್ತು. ನಮಗೆ ಅಷ್ಟು ಸಾಕಾಯ್ತು. ಫೋಟೋ ತೆಗೆದು ಪೋಸ್ಟರಿಗೆ ಹಾಕಿದ್ವಿ. ಇಂಗ್ಲಿಷಲ್ಲಿ ದೊಡ್ಡ ದೊಡ್ಡ ಪದಗಳ ಶೀರ್ಷಿಕೆ. ಮೂರನೇ ಫ್ಲಾಸ್ಕಿನ ಫೋಟೋ ಏನ್ ಮಾಡೋದು ಅಂತ ರಾತ್ರಿ ಹನ್ನೊಂದು ಗಂಟೆಗೆ ಚರ್ಚೆಯಾಯ್ತು. ಒಬ್ಬ, "ಅದು ಸರಿಯಾಗಿ ಸೆಟ್ ಆಗಿಲ್ಲ ಮಗಾ, ಬಿಡು" ಅಂದ. ಇನ್ನೊಬ್ಬ, "ಜಾಗ ಬೇರೆ ಇಲ್ಲ" ಅಂದ. ಮೂರನೆಯವನು ಏನೂ ಅನ್ನಲಿಲ್ಲ. ಯಾರು ಯಾವುದು ಅಂದ್ರು ಅಂತ ಇಲ್ಲಿ ಹೇಳಲ್ಲ, ಯಾಕಂದ್ರೆ ಮೂವರೂ ಸೇರಿಯೇ ಆ ಫೋಟೋವನ್ನ ಡಿಲೀಟ್ ಮಾಡಿದ್ವಿ.

ಪ್ರೆಸೆಂಟೇಷನ್ನಿಗೆ ಎಂಟು ದಿನ ಇತ್ತು. ಪೋಸ್ಟರ್ ಪ್ರಿಂಟಿಗೆ ಕೊಡೋ ಮೊದಲು ನಮ್ಮ ಗೈಡ್ ಮೇಡಂಗೆ ತೋರಿಸಿದ್ವಿ. ಅವರು ಪೂರ್ತಿ ಓದಿ ಒಂದೇ ಪ್ರಶ್ನೆ ಕೇಳಿದ್ರು, ಅದೂ ಕನ್ನಡದಲ್ಲಿ: "ಸರಿ, ಚೆನ್ನಾಗಿ ಬೆಳೆದಿದೆ. ಆದ್ರೆ ಅದು ತಿಂದಿದ್ದು ಎಣ್ಣೆನೋ, ಸಕ್ಕರೆನೋ?"

ನಾವು ಸುಮ್ಮನೆ ನಿಂತ್ವಿ.

"ಸಕ್ಕರೆ ಇಲ್ಲದೆ ಬರೀ ಎಣ್ಣೆ ಕೊಟ್ಟು ನೋಡಿದ್ರಾ?"

ಆಗ ಡಿಲೀಟ್ ಮಾಡಿದ ಫೋಟೋ ಬಗ್ಗೆ ಹೇಳಲೇಬೇಕಾಯ್ತು. ಮೇಡಂ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. "ನಿಮ್ಮ ಪ್ರಾಜೆಕ್ಟಲ್ಲಿ ಮಾತಾಡ್ತಿರೋದು ಆ ಒಂದು ಫ್ಲಾಸ್ಕ್ ಮಾತ್ರ. ಅದನ್ನೇ ಹೊರಗೆ ಹಾಕಿದ್ದೀರಿ. ಅದು ಯಾಕೆ ಬೆಳೀಲಿಲ್ಲ ಅಂತ ಹುಡುಕಿ" ಅಂದು ಹೋದ್ರು.

ಹುಡುಕಿದ್ವಿ. ನಾವು ಮಾಡಿದ್ದು ಒಂದು ತಪ್ಪಲ್ಲ, ಮೂರು.

ಮೊದಲು ಯೀಸ್ಟ್ ಕೊಬ್ಬಿನಾಮ್ಲವನ್ನ ಹೇಗೆ ತಿನ್ನುತ್ತೆ ಅಂತ ಹೇಳ್ತೀವಿ. ಓಲಿಯಿಕ್ ಆಮ್ಲವನ್ನೇ ತಗೊಳ್ಳಿ. ಅಡುಗೆ ಎಣ್ಣೆಗಳಲ್ಲಿ ಧಾರಾಳವಾಗಿ ಇರೋದು, ನಮ್ಮೂರ ಹೊಂಗೆ ಎಣ್ಣೆಯಲ್ಲೂ ಅದೇ ಮುಖ್ಯ. ಅದು 18 ಇಂಗಾಲಗಳ ಒಂದು ಸರಪಳಿ. ಯೀಸ್ಟ್ ಕೋಶ ಅದನ್ನ ಒಳಗೆ ತಗೊಂಡು ಒಂದು ಕಡೆ 'ಕೋಎಂಜೈಮ್ ಎ' ಅನ್ನೋ ಹಿಡಿಕೆ ಕಟ್ಟುತ್ತೆ. ಆಮೇಲೆ ಪೆರಾಕ್ಸಿಸೋಮ್ ಅನ್ನೋ ಸಣ್ಣ ಕೋಣೆಯೊಳಗೆ ಅದನ್ನ ಎರಡೆರಡು ಇಂಗಾಲದ ತುಂಡುಗಳಾಗಿ ಕತ್ತರಿಸುತ್ತೆ. ಎಂಟು ಸಲ ಕತ್ತರಿಸಿದ್ರೆ ಒಂಬತ್ತು ತುಂಡು. ಆ ತುಂಡುಗಳೇ ಕೋಶದ ಇಂಧನ, ಹೊಸದನ್ನ ಕಟ್ಟೋ ಸಾಮಾನು. ಈ ಕತ್ತರಿಸೋ ಕೆಲಸಕ್ಕೆ ಮುಖ್ಯವಾಗಿ ಮೂರು ಜೀನ್‌ಗಳ ಕಿಣ್ವಗಳು ಬೇಕು: ಪಾಕ್ಸ್-1, ಫಾಕ್ಸ್-2, ಪಾಟ್-1. ಓಲಿಯಿಕ್ ಥರದ ಅಪರ್ಯಾಪ್ತ ಆಮ್ಲಗಳ ಸರಪಳಿಯಲ್ಲಿ ಒಂದು ಡೊಂಕು ಇರುತ್ತೆ, ಅದನ್ನ ನೇರ ಮಾಡೋದಕ್ಕೆ ಇಸಿಐ-1 ಅನ್ನೋ ಇನ್ನೊಂದು.

ಪಾಕ್ಸ್-1 ಕೆಲಸ ಮಾಡುವಾಗ ಆಮ್ಲಜನಕ ಬೇಕು, ಜೊತೆಗೆ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತೆ. ಗಾಯ ತೊಳೆಯೋಕೆ ಹಾಕಿದ್ರೆ ನೊರೆ ಬರುತ್ತಲ್ಲ, ಅದೇ. ಕೋಶಕ್ಕೆ ಅದು ವಿಷ. ಅದನ್ನ ಅಲ್ಲೇ ಒಡೆಯೋಕೆ ಸಿಟಿಎ-1 ಜೀನಿನ ಕ್ಯಾಟಲೇಸ್ ಪಕ್ಕದಲ್ಲೇ ಇರುತ್ತೆ. ಇಷ್ಟೆಲ್ಲಾ ಒಂದು ಮುಚ್ಚಿದ ಕೋಣೆಯಲ್ಲಿ ನಡೆಯೋದು ಅದಕ್ಕೇ. ಈಗ ನಮ್ಮ ಫ್ಲಾಸ್ಕ್ ನೆನಪಿಸಿಕೊಳ್ಳಿ. ಬಾಯಿ ಬಿಗಿಯಾಗಿ ಮುಚ್ಚಿದ್ವಿ, ಅಲ್ಲಾಡಿಸಲೂ ಇಲ್ಲ. ಸಕ್ಕರೆಯಾದ್ರೆ ಗಾಳಿ ಇಲ್ಲದೆಯೂ ಹುದುಗಿಸಿಕೊಂಡು ಬದುಕಬಹುದು. ಕೊಬ್ಬಿಗೆ ಗಾಳಿ ಬೇಕೇ ಬೇಕು. ಇದು ತಪ್ಪು ನಂಬರ್ ಒಂದು.

ತಪ್ಪು ನಂಬರ್ ಎರಡು ಎಣ್ಣೆಯದ್ದು. ಬೋಂಡಾ ಎಣ್ಣೆಯಲ್ಲಿ ಕೊಬ್ಬಿನಾಮ್ಲಗಳು ಬಿಡಿಬಿಡಿಯಾಗಿ ಇರೋದು ಬಹಳ ಕಡಿಮೆ. ಮೂರು ಮೂರನ್ನ ಸೇರಿಸಿ ಗ್ಲಿಸರಾಲಿಗೆ ಗಂಟು ಹಾಕಿದ ಹಾಗೆ ಇರುತ್ವೆ. ಆ ಗಂಟು ಬಿಚ್ಚೋ ಕಿಣ್ವಕ್ಕೆ ಲೈಪೇಸ್ ಅಂತ ಹೆಸರು. ಬ್ರೆಡ್ ಮಾಡೋ ಯೀಸ್ಟ್ ಅದನ್ನ ಕೋಶದ ಹೊರಗೆ ಬಿಟ್ಟು ಎಣ್ಣೆ ಕರಗಿಸಿಕೊಳ್ಳೋ ಪೈಕಿ ಅಲ್ಲ. ಯಾರೋವಿಯಾ ಲಿಪೊಲಿಟಿಕಾ ಅನ್ನೋ ಬೇರೆ ಯೀಸ್ಟ್ ಆ ಪೈಕಿ, ಅದರ ಹೆಸರಲ್ಲೇ ಕೊಬ್ಬಿದೆ. ಇನ್ನೂ ಹತ್ತಿರದ ಉದಾಹರಣೆ ಬೇಕಾ? ನಿಮ್ಮ ತಲೆ ಮುಟ್ಟಿ ನೋಡ್ಕೊಳ್ಳಿ. ತಲೆಹೊಟ್ಟಿಗೆ ನಂಟಿರೋ ಮಲಸೇಜಿಯಾ ಕೂಡ ಒಂದು ಯೀಸ್ಟೇ. 2007ರಲ್ಲಿ ಅದರ ಜೀನೋಮ್ ಓದಿದಾಗ ಕಂಡಿದ್ದು: ಅದಕ್ಕೆ ತನ್ನ ಕೊಬ್ಬಿನಾಮ್ಲ ತಾನೇ ತಯಾರಿಸೋ ಜೀನ್ ಇಲ್ಲ. ಬದಲಿಗೆ ಲೈಪೇಸ್ ಜೀನ್‌ಗಳು ರಾಶಿ ಇವೆ. ನಮ್ಮ ನೆತ್ತಿಯ ಜಿಡ್ಡೇ ಅದರ ಊಟ. ಅಂದ್ರೆ ನಮ್ಮ ಮೂವರ ಪೈಕಿ ಒಬ್ಬನ ತಲೆಯಲ್ಲಿ ಸರಿಯಾದ ಪ್ರಯೋಗ ಆಗಲೇ ನಡೀತಿತ್ತು, ಲ್ಯಾಬಲ್ಲಿ ಮಾತ್ರ ತಪ್ಪು ಯೀಸ್ಟ್ ಇತ್ತು.

ಮೂರನೇ ತಪ್ಪು ನಮ್ಮ ತಲೆಯೊಳಗೆ ಇನ್ನೂ ಕೂತಿದೆ. ಅದು ಸಕ್ಕರೆಯದ್ದು.

ಯೀಸ್ಟಿನ ಜೀನೋಮನ್ನ ಪೂರ್ತಿ ಓದಿ ಮುಗಿಸಿದ್ದು 1996ರಲ್ಲಿ. ಕೋಶಕೇಂದ್ರ ಇರೋ ಜೀವಿಗಳಲ್ಲಿ ಮೊದಲು ಓದಿದ್ದೇ ಅದನ್ನ. ಸುಮಾರು 6,000 ಜೀನ್‌ಗಳು. ಕೊಬ್ಬಿನಾಮ್ಲ ತಿನ್ನೋಕೆ ಬೇಕಾದ ಎಲ್ಲವೂ ಅದರಲ್ಲಿವೆ. ನಾವು ಅಂಗಡಿಯಿಂದ ತಂದ ಪ್ಯಾಕೆಟ್ಟಿನ ಪ್ರತಿ ಕಾಳಿನಲ್ಲೂ. ಆದ್ರೆ ಗ್ಲೂಕೋಸ್ ಇರೋ ತನಕ ಆ ಜೀನ್‌ಗಳು ಹೆಚ್ಚುಕಡಿಮೆ ಮುಚ್ಚಿರುತ್ತವೆ. ಸಕ್ಕರೆ ಇದ್ರೆ ಯೀಸ್ಟ್ ಅದನ್ನೇ ತಿನ್ನುತ್ತೆ, ಪೆರಾಕ್ಸಿಸೋಮುಗಳು ಬೆರಳೆಣಿಕೆಯಷ್ಟು, ಅವೂ ಪುಟ್ಟವು. ಸಕ್ಕರೆ ಇಲ್ಲದ ಕಡೆ ಓಲಿಯಿಕ್ ಆಮ್ಲ ಕೊಟ್ಟರೆ ಅದೇ ಕೋಶದಲ್ಲಿ ಪೆರಾಕ್ಸಿಸೋಮುಗಳು ದೊಡ್ಡದಾಗಿ, ಸಂಖ್ಯೆಯಲ್ಲೂ ಹೆಚ್ಚಾಗಿ ತುಂಬ್ಕೊಳ್ಳುತ್ವೆ. ನಾವು ಒಂದನೇ ಫ್ಲಾಸ್ಕಿನಲ್ಲಿ ಸಕ್ಕರೆ ಮತ್ತು ಎಣ್ಣೆ ಎರಡೂ ಕೊಟ್ಟು ಯೀಸ್ಟ್ ಎಣ್ಣೆ ತಿಂತು ಅಂತ ಕುಣಿದಿದ್ವಿ. ಅದು ಹೋಳಿಗೆ ಪಕ್ಕ ಹಾಗಲಕಾಯಿ ಬಡಿಸಿ, ಎಲೆ ಖಾಲಿಯಾದಾಗ ಹಾಗಲಕಾಯಿಯೇ ಇಷ್ಟವಾಯ್ತು ಅಂದ ಹಾಗೆ. ಎಲೆಯೂ ಖಾಲಿಯಾಗಿರಲಿಲ್ಲ. ತೆಳುವಾಗಿ ಕಂಡ ಎಣ್ಣೆ ಫ್ಲಾಸ್ಕಿನ ಗಾಜಿಗೆ ಅಂಟಿತ್ತು.

ಇನ್ನೂ ಒಂದು ಸೂಕ್ಷ್ಮ ಇದೆ. ಸಕ್ಕರೆ ತೆಗೆದ ಮಾತ್ರಕ್ಕೆ ಈ ಜೀನ್‌ಗಳು ಪೂರ್ತಿ ತೆರೆಯಲ್ಲ. ಎರಡು ಬೀಗ ಇರೋ ಬಾಗಿಲು ಅದು. ಸಕ್ಕರೆ ಮುಗಿದಾಗ ಎಡಿಆರ್-1 ಅನ್ನೋ ಪ್ರೋಟೀನ್ ಎಚ್ಚರವಾಗುತ್ತೆ, ಅದು ಮೊದಲ ಕೀಲಿ. ಓಎಎಫ್-1 ಮತ್ತು ಪಿಪ್-2 ಅನ್ನೋ ಇನ್ನೆರಡು ಪ್ರೋಟೀನ್ ಜೋಡಿಯಾಗಿ ಎರಡನೇ ಕೀಲಿ. ಓಎಎಫ್-1 ಕೊಬ್ಬಿನಾಮ್ಲವನ್ನ ತಾನೇ ಹಿಡಿದು ಗುರುತಿಸುತ್ತೆ. ಅಂದ್ರೆ ಸುಲಭದ ಊಟ ಹೋಗಿರಬೇಕು, ಜೊತೆಗೆ ಕಷ್ಟದ ಊಟ ಬಾಗಿಲಿಗೆ ಬಂದಿರಬೇಕು. ಎರಡೂ ಆದಾಗ ಪಾಕ್ಸ್-1, ಫಾಕ್ಸ್-2, ಪಾಟ್-1 ಜೋರಾಗಿ ಕೆಲಸ ಶುರು ಮಾಡುತ್ವೆ. ಅದೂ ತಕ್ಷಣ ಅಲ್ಲ. ಸಕ್ಕರೆಯಲ್ಲಿ ಬೆಳೆದ ಯೀಸ್ಟನ್ನ ಕೊಬ್ಬಿನಾಮ್ಲಕ್ಕೆ ಹಾಕಿದ್ರೆ ಎಷ್ಟೋ ಗಂಟೆ ಏನೂ ಆಗದ ಹಾಗೆ ಕಾಣುತ್ತೆ.

ಇದು ಎಲ್ಲೋ ದೂರದ ವಿಷಯ ಅಂದ್ಕೊಂಡಿದ್ವಿ. ನಮ್ಮ ಏರಿಯಾದ ಸುತ್ತಲೇ ಇದೆ. ಯಶವಂತಪುರದ ಪಕ್ಕ, ಐಐಎಸ್‌ಸಿಯ ಬಯೋಕೆಮಿಸ್ಟ್ರಿ ವಿಭಾಗದಲ್ಲಿ ಪಿ. ಎನ್. ರಂಗರಾಜನ್ ಅವರ ತಂಡ ಪಿಚಿಯಾ ಅನ್ನೋ ಯೀಸ್ಟಿನ ಮೇಲೆ ಕೆಲಸ ಮಾಡಿದೆ. ಅದು ಮೆಥನಾಲ್ ಕುಡಿದು ಬದುಕಬಲ್ಲ ಯೀಸ್ಟ್, ಅದಕ್ಕೂ ಪೆರಾಕ್ಸಿಸೋಮೇ ಅಡುಗೆಮನೆ. ಮೆಥನಾಲ್ ಜೀನ್‌ಗಳನ್ನ ತೆರೆಯೋ ಎಂಎಕ್ಸ್‌ಆರ್-1 ಅನ್ನೋ ಪ್ರೋಟೀನ್ ಡಿಎನ್‌ಎಯಲ್ಲಿ ಎಲ್ಲೆಲ್ಲಿ ಕೂರುತ್ತೆ ಅಂತ ಆ ತಂಡ ಗುರುತಿಸಿದೆ. ಈ ಎಂಎಕ್ಸ್‌ಆರ್-1 ಬೇರೆ ಯಾರೂ ಅಲ್ಲ, ನಮ್ಮ ಬ್ರೆಡ್ ಯೀಸ್ಟಿನ ಎಡಿಆರ್-1ಗೆ ಸಂಬಂಧಿ. ಒಂದು ಕಡೆ ಕೊಬ್ಬು, ಒಂದು ಕಡೆ ಮೆಥನಾಲ್, ಕೀಲಿ ಒಂದೇ ಮನೆತನದ್ದು.

ಕೋಗಿಲು ಕ್ರಾಸಲ್ಲಿ ಬಸ್ ಹತ್ತಿ ಹೆಬ್ಬಾಳದ ಕಡೆ ಹೋಗುವಾಗ ಜಿಕೆವಿಕೆ ಗೇಟ್ ಸಿಗುತ್ತಲ್ಲ, ಆ ಕ್ಯಾಂಪಸ್ಸಿನೊಳಗೆ ಇನ್‌ಸ್ಟೆಮ್ ಮತ್ತು ಎನ್‌ಸಿಬಿಎಸ್ ಇವೆ. ನಾವು ನೂರು ಸಲ ಆ ದಾರಿಯಲ್ಲಿ ಹೋಗಿದ್ದೀವಿ, ಕಿವಿಗೆ ಇಯರ್‌ಫೋನ್ ಹಾಕ್ಕೊಂಡು. ಇನ್‌ಸ್ಟೆಮ್‌ನ ಸುನಿಲ್ ಲಕ್ಷ್ಮಣ್ ಅವರ ತಂಡ ಎನ್‌ಸಿಬಿಎಸ್‌ನವರ ಜೊತೆ ಸೇರಿ 2019ರಲ್ಲಿ ಇಲೈಫ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಗ್ಲೂಕೋಸ್ ಕಡಿಮೆ ಇರೋ ತಟ್ಟೆಯಲ್ಲಿ ಬೆಳೆದ ಯೀಸ್ಟ್ ಕಾಲೊನಿಯಲ್ಲಿ ಎಲ್ಲಾ ಕೋಶಗಳೂ ಒಂದೇ ಥರ ಬದುಕಲ್ಲ. ಒಂದಷ್ಟು ಕೋಶಗಳು ಬೇರೆ ಆಹಾರದಿಂದ ತಾವೇ ಸಕ್ಕರೆ ತಯಾರಿಸಿ ಟ್ರೆಹಲೋಸ್ ರೂಪದಲ್ಲಿ ಇಡುತ್ವೆ. ಆ ಟ್ರೆಹಲೋಸನ್ನೇ ತಿಂದು ಇನ್ನೊಂದಷ್ಟು ಕೋಶಗಳು ಸಕ್ಕರೆ ಸಿಕ್ಕವರ ಹಾಗೆ ಬದುಕುತ್ವೆ. ಜೀನ್‌ಗಳು ಎಲ್ಲಕ್ಕೂ ಒಂದೇ, ತೆರೆದಿರೋ ಬಾಗಿಲು ಬೇರೆ ಬೇರೆ. ಇದು ಕೊಬ್ಬಿನಾಮ್ಲದ ಕತೆಯಲ್ಲ, ಆದ್ರೆ ಪ್ರಶ್ನೆ ಅದೇ: ಸಕ್ಕರೆ ಇಲ್ಲದಾಗ ಕೋಶ ಏನಾಗುತ್ತೆ?

ಈ ಪ್ರಶ್ನೆ ಯಾಕೆ ಇಷ್ಟು ಮುಖ್ಯ ಅಂತ ಅರ್ಥವಾಗಿದ್ದು 1989ರ ಒಂದು ಕೆಲಸದ ಬಗ್ಗೆ ಓದಿದಾಗ. ಜರ್ಮನಿಯ ಬೋಖುಮ್‌ನಲ್ಲಿ ರಾಲ್ಫ್ ಎರ್ಡ್‌ಮನ್, ವೂಲ್ಫ್ ಕುನಾವ್ ಮತ್ತು ಸಂಗಡಿಗರು ಓಲಿಯಿಕ್ ಆಮ್ಲದ ಮೇಲೆ ಬೆಳೆಯಲಾಗದ ಯೀಸ್ಟ್‌ಗಳನ್ನ ಹುಡುಕಿ ಆರಿಸಿದ್ರು. ಅವುಗಳಲ್ಲಿ ಕೆಲವಕ್ಕೆ ಪೆರಾಕ್ಸಿಸೋಮ್ ಕಟ್ಟೋಕೇ ಬರ್ತಿರಲಿಲ್ಲ. ಸಕ್ಕರೆ ಕೊಟ್ಟರೆ ಇವೇ ಯೀಸ್ಟ್‌ಗಳು ಆರಾಮಾಗಿ ಬೆಳೀತಿದ್ವು. ಸಕ್ಕರೆ ತಟ್ಟೆ ಮಾತ್ರ ನೋಡಿದ್ರೆ ಯಾವ ಯೀಸ್ಟ್ ಸರಿಯಿದೆ, ಯಾವುದು ಕೆಟ್ಟಿದೆ ಅಂತ ಗೊತ್ತೇ ಆಗಲ್ಲ. ಆ ದಾರಿಯಲ್ಲಿ ಸಿಕ್ಕ ಜೀನ್‌ಗಳಿಗೆ ಈಗ ಪೆಕ್ಸ್ ಅಂತ ಹೆಸರು. ನಮ್ಮಲ್ಲೂ ಅದೇ ಜೀನ್‌ಗಳಿವೆ. ಮನುಷ್ಯರಲ್ಲಿ ಪೆಕ್ಸ್ ಜೀನ್‌ಗಳು ಕೆಟ್ಟಾಗ ಜೆಲ್‌ವೆಗರ್ ಅನ್ನೋ ಕಾಯಿಲೆ ಬರುತ್ತೆ. ತೀವ್ರವಾಗಿದ್ರೆ ಹುಟ್ಟಿದ ಮಗು ಒಂದು ವರ್ಷ ತುಂಬೋದೂ ಕಷ್ಟ. ಹೆಚ್ಚಿನ ಮಕ್ಕಳಲ್ಲಿ ಕೆಟ್ಟಿರೋದು ಪೆಕ್ಸ್-1, ಬೋಖುಮ್‌ನವರು ಮೊದಮೊದಲು ಹಿಡಿದ ಯೀಸ್ಟ್ ಜೀನಿನ ಮನುಷ್ಯ ರೂಪ. ಬೆಳೆಯದ ಒಂದು ತಟ್ಟೆಯನ್ನ ಯಾರೋ ಬಿಸಾಡದೆ ಉಳಿಸಿಕೊಂಡಿದ್ದಕ್ಕೆ ಇದೆಲ್ಲಾ ಗೊತ್ತಾಯ್ತು. ನಾವು ನಮ್ಮದನ್ನ ಡಿಲೀಟ್ ಮಾಡಿದ್ವಿ.

ಇನ್ನು ಏಳು ದಿನ ಇತ್ತು. ಪೋಸ್ಟರ್ ಕ್ಯಾನ್ಸಲ್ ಮಾಡಿ ಮತ್ತೆ ಶುರು ಮಾಡಿದ್ವಿ.

ಈ ಸಲ ಅಗರ್ ತಟ್ಟೆಗಳು. ಓಲಿಯಿಕ್ ಆಮ್ಲ ನೀರಲ್ಲಿ ಬೆರೆಯಲ್ಲ, ಹಾಗಾಗಿ ಟ್ವೀನ್-80 ಅನ್ನೋ ಸೋಪಿನಂಥ ದ್ರವ ಹಾಕಿ ಕಲಕಬೇಕು. ತಟ್ಟೆ ಹಾಲಿನ ಹಾಗೆ ಬೆಳ್ಳಗೆ ಮಂಜಾಗುತ್ತೆ. ಯೀಸ್ಟ್ ಆಮ್ಲವನ್ನ ತಿಂದರೆ ಕಾಲೊನಿಯ ಸುತ್ತ ಮಂಜು ಕರಗಿ ತಿಳಿಯಾದ ಒಂದು ಉಂಗುರ ಕಾಣುತ್ತೆ. ಒಂದು ತಟ್ಟೆಗೆ ಓಲಿಯಿಕ್ ಆಮ್ಲ ಮಾತ್ರ, ಒಂದಕ್ಕೆ ಓಲಿಯಿಕ್ ಜೊತೆ ಗ್ಲೂಕೋಸ್, ಒಂದಕ್ಕೆ ಎರಡೂ ಇಲ್ಲ, ನಾಲ್ಕನೆಯದಕ್ಕೆ ಆಂಟಿಯ ಬೋಂಡಾ ಎಣ್ಣೆ. ಎಲ್ಲಕ್ಕೂ ಅಷ್ಟೇ ಟ್ವೀನ್, ಅಷ್ಟೇ ಚೂರು ಯೀಸ್ಟ್ ಎಕ್ಸ್‌ಟ್ರಾಕ್ಟ್. ಮುಚ್ಚಳ ಸಡಿಲ. 30 ಡಿಗ್ರಿ.

ಎರಡನೇ ದಿನ ಗ್ಲೂಕೋಸ್ ಇದ್ದ ತಟ್ಟೆಯಲ್ಲಿ ದಪ್ಪ ದಪ್ಪ ಕಾಲೊನಿಗಳು. ಉಳಿದವುಗಳಲ್ಲಿ ಸೂಜಿ ಮೊನೆಯಷ್ಟು ಚುಕ್ಕೆಗಳು. ಮೂರನೇ ದಿನವೂ ಹಾಗೇ. ಐದನೇ ದಿನ ಬೆಳಿಗ್ಗೆ ಓಲಿಯಿಕ್ ತಟ್ಟೆಯನ್ನ ಕಿಟಕಿ ಬೆಳಕಿಗೆ ಹಿಡಿದಾಗ ಸಣ್ಣ ಕಾಲೊನಿಗಳ ಸುತ್ತ ತೆಳುವಾದ ಉಂಗುರಗಳು ಕಂಡ್ವು. ಕಣ್ಣಿಗೆ ಭ್ರಮೆಯೋ ಅಂತ ಮೂವರೂ ಬೇರೆ ಬೇರೆಯಾಗಿ ನೋಡಿ ಎಣಿಸಿ ಬರೆದುಕೊಂಡ್ವಿ. ಗ್ಲೂಕೋಸ್ ತಟ್ಟೆಯ ದಪ್ಪ ಕಾಲೊನಿಗಳ ಸುತ್ತ ಏನೂ ಇರಲಿಲ್ಲ, ಮಂಜು ಹಾಗೇ ಇತ್ತು. ಹೊಟ್ಟೆ ತುಂಬಿದವರು ಪಕ್ಕದ ತಟ್ಟೆ ಮುಟ್ಟಿರಲಿಲ್ಲ. ಏನೂ ಹಾಕದ ಮೂರನೇ ತಟ್ಟೆಯಲ್ಲೂ ಚೂರು ಬೆಳವಣಿಗೆ ಇತ್ತು. ಯಾಕಂದ್ರೆ ಯೀಸ್ಟ್ ಎಕ್ಸ್‌ಟ್ರಾಕ್ಟಲ್ಲಿ ಸ್ವಲ್ಪ ಊಟ ಇರುತ್ತೆ, ಟ್ವೀನ್-80ರ ಬಾಲದಲ್ಲೂ ಓಲಿಯಿಕ್ ಆಮ್ಲವೇ ಇರೋದು. ಅದನ್ನೂ ಬರೆದ್ವಿ. ಬೋಂಡಾ ಎಣ್ಣೆಯ ತಟ್ಟೆಯಲ್ಲಿ ಉಂಗುರ ಇರಲಿಲ್ಲ.

ಪ್ರೆಸೆಂಟೇಷನ್ ದಿನ ಪೋಸ್ಟರಿನ ಮೇಲೆ ನಾಲ್ಕೂ ತಟ್ಟೆಗಳ ಫೋಟೋ ಇದ್ವು. 'ಮೊದಲ ಪ್ರಯತ್ನ ಮತ್ತು ಅದರ ತಪ್ಪುಗಳು' ಅಂತ ಒಂದು ಬಾಕ್ಸೂ ಇತ್ತು. ಹೊರಗಿಂದ ಬಂದಿದ್ದ ಪರೀಕ್ಷಕರು, "ಹಾಗಾದ್ರೆ ನಿಮ್ಮ ಉದ್ದೇಶ ಈಡೇರಲಿಲ್ಲ ಅಂತಾಯ್ತು" ಅಂದ್ರು. ಹೌದು ಸರ್ ಅಂದ್ವಿ. ಮಾರ್ಕ್ಸ್ ಬಗ್ಗೆ ಕೇಳಬೇಡಿ, ಪಾಸಾಗಿದ್ದೀವಿ.

ಅಸಲಿ ವೈವಾ ಇನ್ನೂ ಬಾಕಿ ಇತ್ತು. ಅವತ್ತು ರಾತ್ರಿ ಆಂಟಿ ಗಾಡಿ ತಳ್ಳಿಕೊಂಡು ಬಂದಾಗ ಮೂವರೂ ಗೇಟ್ ಹತ್ರ ನಿಂತಿದ್ವಿ. ಅವರು ಬಾಣಲೆ ಇಳಿಸುತ್ತಾ ಕೇಳಿದ್ರು, "ಏನ್ರಪ್ಪಾ, ಎಣ್ಣೆ ತಿಂತಾ ನಿಮ್ದು?"

"ಇಲ್ಲ ಆಂಟಿ" ಅಂದ್ವಿ.

"ಯಾಕೆ?"

ನಿಜ ಹೇಳ್ತೀವಿ, ಆ 'ಯಾಕೆ'ಗೆ ಪರೀಕ್ಷಕರ ಮುಂದೆ ನಾಲ್ಕು ನಿಮಿಷ ನಿಲ್ಲದೆ ಉತ್ತರ ಕೊಟ್ಟಿದ್ವಿ. ಇಲ್ಲಿ ಬಾಯಿ ಒಣಗಿತು. ರಿಪ್ರೆಷನ್, ಇಂಡಕ್ಷನ್, ಟ್ರೈಗ್ಲಿಸರೈಡ್ ಯಾವುದೂ ಕೆಲಸಕ್ಕೆ ಬರಲ್ಲ. 'ಅದು ಆ್ಯಕ್ಚುಲಿ ಆಂಟಿ...' ಅಂತ ಒಬ್ಬ ಶುರು ಮಾಡಿ ನಿಲ್ಲಿಸಿದ. ಸಂಕೋಚ ಅಷ್ಟೇ ಅಲ್ಲ, ಅದಕ್ಕಿಂತ ಕೆಟ್ಟ ಭಾವನೆ ಅದು. ನಮಗೆ ಗೊತ್ತಿದೆ ಅಂದ್ಕೊಂಡಿದ್ದು ಗೊತ್ತೇ ಇಲ್ವೇನೋ, ಬರೀ ಇಂಗ್ಲಿಷ್ ಪದಗಳನ್ನ ಸರಿಯಾದ ಕ್ರಮದಲ್ಲಿ ಇಡೋಕೆ ಬರುತ್ತೇನೋ ಅಂತ.

ಆಂಟಿ ಕಾಯ್ತಾ ನಿಂತಿದ್ರು. ಕಾಯದೇ ಇದ್ದಿದ್ರೆ ನಾವು ಮೆಟ್ಟಿಲು ಹತ್ತಿ ಹೋಗಿಬಿಡ್ತಿದ್ವಿ.

ನಿಧಾನಕ್ಕೆ, ಮೂವರೂ ಸೇರಿ ಹೇಳಿದ್ವಿ. ಯೀಸ್ಟಿಗೆ ಕೊಬ್ಬು ತಿನ್ನೋ ಶಕ್ತಿ ಹುಟ್ಟಿನಿಂದಲೇ ಇದೆ ಆಂಟಿ. ಆದ್ರೆ ಸಕ್ಕರೆ ಸಿಗೋ ತನಕ ಆ ಕಡೆ ತಿರುಗಿಯೂ ನೋಡಲ್ಲ. ಸಕ್ಕರೆ ಪೂರ್ತಿ ತೆಗೆದು, ಕೊಬ್ಬನ್ನ ಬಿಡಿಬಿಡಿಯಾಗಿ ಮುಂದಿಟ್ಟರೆ, ಒಂದೆರಡು ದಿನ ಸುಮ್ಮನಿದ್ದು ಆಮೇಲೆ ತಿನ್ನುತ್ತೆ. ನಿಮ್ಮ ಎಣ್ಣೆಯಲ್ಲಿ ಅದು ಮೂರು ಮೂರು ಸೇರಿ ಗಂಟು ಹಾಕ್ಕೊಂಡಿದೆ. ಆ ಗಂಟು ಬಿಚ್ಚೋಕೆ ಇದಕ್ಕೆ ಬರಲ್ಲ.

ಆಂಟಿ ಸ್ವಲ್ಪ ಯೋಚಿಸಿ, "ಹಸಿವಿಗೆ ರುಚಿ ಬೇಡ, ನಿದ್ದೆಗೆ ಹಾಸಿಗೆ ಬೇಡ ಅಂತಾರಲ್ಲ, ಹಂಗೆ ಅನ್ನಿ" ಅಂದ್ರು. ಆಮೇಲೆ, "ಗಂಟು ಬಿಚ್ಚಿಕೊಟ್ರೆ ತಿನ್ನುತ್ತಾ?" ಅಂದ್ರು.

ಪರೀಕ್ಷಕರು ಕೇಳದ ಪ್ರಶ್ನೆ ಅದು. ನಮಗೂ ಹೊಳೆದಿರಲಿಲ್ಲ. ಗಂಟು ಬಿಚ್ಚೋಕೆ ಕಿಣ್ವವೇ ಬೇಕಂತಿಲ್ಲ, ಕಾಸ್ಟಿಕ್ ಸೋಡಾ ಸಾಕು. ಎಣ್ಣೆಗೆ ಅದನ್ನ ಹಾಕಿ ಸೋಪು ಮಾಡೋದು ಅಂದ್ರೇ ಆ ಗಂಟು ಬಿಚ್ಚೋದು. ಆ ಸೋಪಿಗೆ ಆಮ್ಲ ಹಾಕಿದ್ರೆ ಬಿಡಿ ಕೊಬ್ಬಿನಾಮ್ಲ ತೇಲಿ ಬರುತ್ತೆ. ಪಿಯುಸಿಯಲ್ಲಿ ಓದಿ ಬರೆದಿದ್ವಿ, ಸಪೋನಿಫಿಕೇಷನ್ ಅಂತ ಸ್ಪೆಲ್ಲಿಂಗ್ ಸಮೇತ. ಕನ್ನಡದಲ್ಲಿ ಗಂಟು ಅಂತ ಹೇಳೋ ತನಕ ಬಿಚ್ಚಬಹುದು ಅಂತ ತೋಚಲಿಲ್ಲ.

ನಮ್ಮ ಕನ್ನಡವೂ ಯೀಸ್ಟಿನ ಆ ಜೀನ್‌ಗಳ ಹಾಗೇ ಅಂತ ಒಂದು ಸಾಲು ಬರೆದು ಮುಗಿಸಿಬಿಡಬಹುದು. ಮೊದಲ ಡ್ರಾಫ್ಟಲ್ಲಿ ಹಾಗೇ ಮಾಡಿದ್ವಿ. ಆದ್ರೆ ಅದು ಅರ್ಧ ಮಾತ್ರ ನಿಜ. ಇಂಗ್ಲಿಷ್ ಸಕ್ಕರೆ ಅಂತಿಟ್ಕೊಳ್ಳಿ. ಸಕ್ಕರೆಯಲ್ಲಿ ತಪ್ಪೇನಿಲ್ಲ, ಈ ಜೀನ್‌ಗಳ ಬಗ್ಗೆ ನಾವು ಓದಿದ್ದೆಲ್ಲಾ ಅದರಲ್ಲೇ. ಎರಡು ಬೀಗದ ಮಾತು ಮರೀಬೇಡಿ. ಇಂಗ್ಲಿಷ್ ಇಲ್ಲದ ಜಾಗದಲ್ಲಿ ನಿಂತ ಮಾತ್ರಕ್ಕೆ ಕನ್ನಡ ಬರಲಿಲ್ಲ ನಮಗೆ, ಬರೀ ಮೌನ ಬಂತು. ಎದುರಿಗೆ ಒಬ್ಬರು ಕನ್ನಡದಲ್ಲಿ ಯಾಕೆ ಅಂತ ಕೇಳಿ, ಉತ್ತರಕ್ಕೆ ಕಾದಾಗ ಮಾತ್ರ ಎರಡನೇ ಬೀಗ ತೆರೆಯಿತು. ಮೇಡಂ ಕನ್ನಡದಲ್ಲಿ ಕೇಳಿದ್ದಕ್ಕೇ ಮೊದಲ ಸುಳ್ಳು ಹೊರಗೆ ಬಂದಿದ್ದು ಅಂತ ಈಗ ಅನ್ನಿಸುತ್ತೆ. ಇಂಗ್ಲಿಷಲ್ಲಿ ಕೇಳಿದ್ರೆ ಏನಾದ್ರೂ ಹೇಳಿ ಪಾರಾಗ್ತಿದ್ವಿ.

ಈಗ ಪರಿಸ್ಥಿತಿ ಏನಂದ್ರೆ, 'ಹುಡುಗರದ್ದು' ಅಂತ ಬರೆದ ಕ್ಯಾನ್ ಭರ್ತಿಯಾಗಿ ಎರಡನೆಯದು ಶುರುವಾಗಿದೆ. ಎರಡೂ ನಮ್ಮ ಬಾಲ್ಕನಿಯಲ್ಲಿವೆ. ಮುಂದಿನ ಸೆಮ್‌ಗೆ ಮೇಡಂ ಹತ್ರ ಪರ್ಮಿಷನ್ ಕೇಳಿದ್ದೀವಿ: ಲ್ಯಾಬಲ್ಲೇ, ಕೈಗವಸು ಕನ್ನಡಕ ಎಲ್ಲಾ ಹಾಕ್ಕೊಂಡು, ಕಾಸ್ಟಿಕ್ ಸೋಡಾದಿಂದ ಗಂಟು ಬಿಚ್ಚಿ, ಆಮೇಲೆ ಯೀಸ್ಟಿಗೆ ಕೊಡೋದು. ಪದೇ ಪದೇ ಕಾದ ಎಣ್ಣೆಯಲ್ಲಿ ಬೇರೆ ಏನೇನೋ ಹುಟ್ಟಿರುತ್ತೆ, ಯೀಸ್ಟ್ ಅದನ್ನ ಸಹಿಸದೇ ಇರಬಹುದು. ಆ ಫೋಟೋ ಡಿಲೀಟ್ ಮಾಡಲ್ಲ.

ಆಂಟಿ ದಿನಾ ಕೇಳ್ತಾರೆ, "ಏನಾಯ್ತ್ರೋ?" ಅಂತ. ಇನ್ನೂ ಏನೂ ಆಗಿಲ್ಲ ಆಂಟಿ, ಅಂತೀವಿ. ಸರಿ, ಬೋಂಡಾ ತಿಂದ್ಕೊಂಡು ಹೋಗಿ ಓದ್ಕೊಳ್ಳಿ, ಅಂತಾರೆ.